ಹಸಿ ಗಚ್ಚು ಒಣಗುವ ತನಕ

ಈಗ ನನ್ನ ಹತ್ತಿರ ಬರುವ ಹುಡುಗರು ಮೊದಲು ಕೇಳುವುದು ಒಂದೇ ಮಾತು: ಮನೆಯ ಒಳಗಿನ ಕೆಲಸಕ್ಕೆ ಒಂದು ಚದರ ಅಡಿಗೆ ಎಷ್ಟು ದರ ಹಿಡಿಯಬೇಕು? ಕೈಯಲ್ಲಿ ಟೇಪು, ಕಿವಿಯ ಸಂದಿಯಲ್ಲಿ ಪೆನ್ಸಿಲು. ಉದ್ದ ಅಗಲ ಗುಣಿಸಿ, ದರ ಹಚ್ಚಿ, ಕೊಟ್ಟ ಚಹಾ ಆರುವುದರೊಳಗೆ ಅಂದಾಜು ಹೇಳಿ ಎದ್ದುಬಿಡುತ್ತಾರೆ. ತಪ್ಪು ಎನ್ನಲಾರೆ. ಸಿಮೆಂಟು ಎಲ್ಲ ಊರಲ್ಲೂ ಒಂದೇ, ಬಣ್ಣದ ಡಬ್ಬಿಯೂ ಒಂದೇ. ನಮಗೆ ಹಾಗಿರಲಿಲ್ಲ. ಒಂದೊಂದು ಊರಿನ ಸುಣ್ಣ ಬೇರೆ, ನೀರು ಬೇರೆ, ಒಂದೊಂದು ಮನೆಯ ಜಗಳ ಬೇರೆ. ಜಗಳ ತಿಳಿಯದೆ ಅಂದಾಜು ಹೇಳಿದವನು ಕೆಡುತ್ತಿದ್ದ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹೊಸ ಮನೆಗಳಿಗೆ ಒಳಗೆಲಸದ ಅಂದಾಜು ಹೇಳುವುದು, ಒಪ್ಪಿದರೆ ನಿಂತು ಮಾಡಿಸುವುದು ನನ್ನ ಬದುಕಾಗಿತ್ತು. ನಿಜಾಮರ ಆಳಿಕೆಯ ಕೊನೆಯ ವರ್ಷಗಳವು. ಗೋಡೆ ಎಬ್ಬಿಸಿ ಮಾಳಿಗೆ ಮುಚ್ಚುವವರು ಬೇರೆ ಇರುತ್ತಿದ್ದರು. ಅವರ ಕೆಲಸ ಮುಗಿದು ನಾವು ಒಳಗೆ ಕಾಲಿಡುವ ಹೊತ್ತಿಗೆ ಯಜಮಾನನ ಕೈ ಖಾಲಿಯಾಗಿ ಮುಖ ಇಳಿದಿರುತ್ತಿತ್ತು. ಇನ್ನೂ ಗೋಡೆಗೆ ಸುಣ್ಣದ ಗಿಲಾವು ಬಳಿಯಬೇಕು, ನೆಲದ ಗಚ್ಚು ಆಗಬೇಕು, ಒಳಬಾಗಿಲು, ಗೂಟ, ದೀಪದ ಮಾಡ, ಒಲೆ, ಬಚ್ಚಲು ಎಲ್ಲ ಆಗಬೇಕು. ಮನೆ ಕಟ್ಟುವವರಿಗೆ ಊರೆಲ್ಲ ಹಾರ ಹಾಕುತ್ತದೆ. ನಮ್ಮನ್ನು ಕಂಡರೆ ಮಾತ್ರ ಸಾಲ ವಸೂಲಿಗೆ ಬಂದವನನ್ನು ಕಂಡ ಹಾಗೆ ನೋಡುತ್ತಿದ್ದರು.

ನನಗೆ ಕೆಲಸ ಕಲಿಸಿದವರು ಗಂಗಾವತಿಯ ಮೌಲಾಸಾಬರು. ಎಲ್ಲರಿಗೂ ಅವರು ಉಸ್ತಾದರು. ಉರ್ದು ಚೆನ್ನಾಗಿ ಓದಿಕೊಂಡವರಾದರೂ ಅಂದಾಜನ್ನು ಕಾಗದದ ಮೇಲೆ ಬರೆದುಕೊಡಲು ಒಪ್ಪುತ್ತಿರಲಿಲ್ಲ.

"ಬರದದ್ದು ಯಜಮಾನ ಒಬ್ಬಗ ಕಾಣತೈತಿ, ಹನಮಪ್ಪ. ಮನ್ಯಾಗ ಬಾಳೇವು ಮಾಡಾವ್ರು ಎಲ್ಲಾರಿಗೂ ಕಾಣಬೇಕಲ್ಲೊ" ಎನ್ನುತ್ತಿದ್ದರು.

ಅದಕ್ಕೆ ಅವರದೊಂದು ಪದ್ಧತಿ. ಹೊಸ ಮನೆಯೊಳಗೆ ಹೋದವರೇ ಒಂದು ಮೊರ ಜೋಳ ತರಿಸುವರು. ಅದನ್ನು ಯಜಮಾನನ ಕೈಗೆ ಕೊಟ್ಟು, "ಇದು ನಿಮ್ಮ ಹಂತ್ಯಾಕ ಉಳದಿರೂ ರೊಕ್ಕ ಅಂತ ತಿಳಕೋರಿ. ಯಾವ ಖೋಲಿಗೆ ಎಷ್ಟು, ನಿಮ್ಮ ಕೈಲೆ ಹಾಕಿ ಬರ್ರಿ" ಎನ್ನುವರು. ಯಜಮಾನ ಪಡಸಾಲೆಯಲ್ಲಿ ಬೊಗಸೆ ಬೊಗಸೆ ಸುರಿದುಕೊಂಡು ಹೊರಡುತ್ತಿದ್ದ. ಅಡಿಗೆ ಮನೆ ಮುಟ್ಟುವ ಹೊತ್ತಿಗೆ ಮೊರದಲ್ಲಿ ಹೊಟ್ಟು ಉಳಿದಿರುತ್ತಿತ್ತು. ಆಗ ತಲೆ ಕೆರೆದುಕೊಂಡು ಹಿಂದಕ್ಕೆ ಬಂದು, ಹಾಕಿದ್ದನ್ನು ತಾನೇ ಗೋರಿಕೊಳ್ಳುತ್ತಿದ್ದ. ಬಾಯಿಲೆಕ್ಕದಲ್ಲಿ ಎಲ್ಲವೂ ಬೇಕು ಎನ್ನುವವನಿಗೆ, ಇಲ್ಲಿ ಹಾಕಿದ್ದು ಅಲ್ಲಿ ಕಡಿಮೆಯಾಗುತ್ತದೆ ಎಂಬುದು ಜೋಳ ಕೈಗೆ ಬಂದಾಗಲೇ ತಿಳಿಯುತ್ತಿತ್ತು.

ಇಷ್ಟಾದ ಮೇಲೆ ಉಸ್ತಾದರು ಯಜಮಾನನ ಹೆಗಲ ಮೇಲೆ ಕೈ ಹಾಕಿ, "ಬರ್ರಿ, ಹೊರಗ ಕುಂತು ಒಂದು ಬೀಡಿ ಸೇದೂನು" ಎಂದು ಕರೆದೊಯ್ಯುತ್ತಿದ್ದರು. ಕೆಲಸದ ಜೀವ ಇದ್ದದ್ದೇ ಈ ಬೀಡಿಯಲ್ಲಿ. ಗಂಡಸರ ಮುಂದೆ ಬಾಯಿ ತೆರೆಯದ ಹೆಂಗಸರು ಒಳಗೇ ಉಳಿದಿರುತ್ತಿದ್ದರು. ನಾವು ತಿರುಗಿ ಬರುವಷ್ಟರಲ್ಲಿ ರಾಶಿಗಳು ನಡೆದಾಡಿರುತ್ತಿದ್ದವು. ಪಡಸಾಲೆಯದು ಕರಗಿ ಬಚ್ಚಲಿಗೆ ಹೋಗಿರುತ್ತಿತ್ತು, ಕಪಾಟಿನದು ಒಲೆಯ ಹತ್ತಿರ ಕೂತಿರುತ್ತಿತ್ತು. ಯಾರು ಸರಿಸಿದರು ಎಂದು ಕೇಳಬಾರದೆಂಬುದು ಕಟ್ಟಳೆ. ಜಾಣ ಯಜಮಾನ, "ಇಲಿ ಎಳದಿರಬೇಕ್ರಿ" ಎಂದು ನಗುತ್ತಿದ್ದ. "ನಿಮ್ಮ ಮನಿ ಇಲಿ ಭಾಳ ಶಾಣ್ಯಾ ಅದಾವ ಬಿಡ್ರಿ" ಎಂದು ಉಸ್ತಾದರು ಅದೇ ರಾಶಿಗಳನ್ನು ನೋಡಿ ಅಂದಾಜು ಹೇಳುತ್ತಿದ್ದರು. ಆ ಜೋಳವನ್ನು ಬೀಸಿ ಮೊದಲ ದಿನ ಕೆಲಸದವರಿಗೆ ರೊಟ್ಟಿ ಹಾಕುತ್ತಿದ್ದರು.

ಈ ಬೀಡಿಯ ಪದ್ಧತಿ ಯಾಕೆ ಬಂತೆಂದು ಒಮ್ಮೆ ಕೇಳಿದೆ. ಅಳವಂಡಿಯ ಒಂದು ಮನೆಯಲ್ಲಿ ಯಜಮಾನ ತೋರಿಸಿದ ಜಾಗದಲ್ಲೇ ಅವರು ಒಳಕಲ್ಲು ನೆಟ್ಟು ಗಚ್ಚು ಹಾಕಿದ್ದರಂತೆ. ಮನೆಯಾಕೆ ರುಬ್ಬಲು ಕೂತರೆ ಮೊಳಕೈ ಗೋಡೆಗೆ ಬಡಿಯುತ್ತಿತ್ತು.  ಆಕೆ ಮುಂದೊಂದು ದಿನ ಉಸ್ತಾದರನ್ನು ಊಟಕ್ಕೆ ಕರೆದು, ಬಡಿಸುವಾಗ ತರಚಿದ ಮೊಳಕೈ ಕಾಣುವ ಹಾಗೆ ಬಡಿಸಿದಳಂತೆ. "ಆ ರೊಟ್ಟಿ ಗಂಟಲಾಗ ಇಳೀಲಿಲ್ಲೊ ತಮ್ಮಾ" ಎಂದು ಉಸ್ತಾದರು ಗಡ್ಡ ನೀವಿಕೊಂಡರು. ಮಾರನೆಯ ದಿನವೇ ಹೋಗಿ, ಕೂಲಿ ಕೇಳದೆ ನೆಲ ಒಡೆದು ಒಳಕಲ್ಲು ಸರಿಸಿಕೊಟ್ಟು ಬಂದರಂತೆ.

ಯಲಬುರ್ಗಾದ ಗೌಡರೊಬ್ಬರ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅವರಿಗೆ ಬಾಗಿಲ ಮೇಲೆ ಬಣ್ಣದ ಗಾಜು ಬೇಕಿತ್ತು. ಗಾಜು ಸಿಗುವುದು ಗದಗಿನಲ್ಲಿ. ಅದು ಬ್ರಿಟಿಷರ ಸೀಮೆ, ನಡುವೆ ನಾಕಾ, ತಂದ ಮಾಲಿಗೆ ಸುಂಕ. ಗದಗಿನ ಮಾಲು ಎಂದರೆ ಅಂದಾಜಿನಲ್ಲಿ ನಾಕಾದ ಪಾಲು ಇರಲೇಬೇಕು. ಗೌಡರಿಗೆ ಅದು ಸರಿಬರಲಿಲ್ಲ. "ಗಾಜು ನಾನ ತರತೀನಿ, ನೀವು ಸುಮ್ಮನ ಕುಂದರ್ರಿ" ಎಂದು ಹೋಗಿ, ಗಾಜನ್ನು ಶೇಂಗಾ ಹಿಂಡಿಯ ಚೀಲದಲ್ಲಿ ಹುಗಿದು ಬಂಡಿಯಲ್ಲಿ ತಂದರು. ನಾಕಾ ದಾಟಿತು, ಸುಂಕ ಉಳಿಯಿತು. ಮನೆಯ ಮುಂದೆ ಆಳು ಚೀಲವನ್ನು ಹಿಂಡಿಯ ಚೀಲವೆಂದೇ ತಿಳಿದು ದೊಪ್ಪನೆ ಕೆಡವಿದ. ಆ ಬಾಗಿಲಿನ ಮೇಲೆ ಕೊನೆಗೆ ಹಲಗೆ ಬಡಿದೆವು. ಗೌಡರ ಎಮ್ಮೆಗೆ ಎಷ್ಟೋ ದಿನ ಹಿಂಡಿಯನ್ನು ಜರಡಿ ಹಿಡಿದೇ ಹಾಕುತ್ತಿದ್ದರು.

ಗಚ್ಚು ಎಂದರೆ ಏನೆಂದು ಈಗಿನವರಿಗೆ ಹೇಳಬೇಕು. ಸುಣ್ಣ ಮರಳನ್ನು ಎತ್ತಿನ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಕೂಡಿಸಿ ನೆಲಕ್ಕೆ ಹಾಸಿ, ಬಡಿಯುವುದು. ಬಡಿಯುವವರು ಹೆಂಗಸರು. ಸಾಲಾಗಿ ಕುಕ್ಕರುಗಾಲಲ್ಲಿ ಕೂತು, ಕೈಯಲ್ಲಿ ಮರದ ಹಲಗೆ ಹಿಡಿದು, ಹಾಡು ಹೇಳುತ್ತ, ಹಾಡಿನ ತಾಳಕ್ಕೆ ಸರಿಯಾಗಿ ಬಡಿಯುತ್ತಿದ್ದರು. ಕನಕಗಿರಿ ಕಡೆಯಿಂದ ಒಂದು ಗುಂಪು ಬರುತ್ತಿತ್ತು. ಅವರು ಬಡಿಯುವಾಗ ಬೀದಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು. ಹಾಡು ಗಟ್ಟಿಯಾದರೆ ನೆಲ ಗಟ್ಟಿಯಾಗುತ್ತಿತ್ತು. ಹಾಡು ಜಗ್ಗಿದರೆ ನಾನು ಹೋಗಿ ಎಲೆಅಡಿಕೆ ಕೊಟ್ಟು ಬರುತ್ತಿದ್ದೆ. ಎಷ್ಟು ದಿನ ಬಡಿಯಬೇಕೆಂಬುದೇ ಅಂದಾಜಿನ ದೊಡ್ಡ ಪಾಲು. ಇಂದು ಮೊಸಾಯಿಕ್ ತಿಕ್ಕುವ ಯಂತ್ರದ ಸದ್ದು ಕಿವಿಗೆ ಬಿದ್ದಾಗಲೆಲ್ಲ ಆ ಬಡಿತ ನೆನಪಾಗುತ್ತದೆ. ಇನ್ನೊಮ್ಮೆ ಕೇಳಬೇಕು ಅನ್ನಿಸುತ್ತದೆ. ಕೇಳಿಸುವವರು ಯಾರೂ ಉಳಿದಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಬರುವವರು ಕುಷ್ಟಗಿಯ ಈರಪ್ಪಶೆಟ್ಟರ ಮನೆಯ ಸಂಗತಿಯನ್ನು ಕೇಳಿಕೊಳ್ಳಬೇಕು. ಅಂದಾಜಿನಲ್ಲಿ ರೊಕ್ಕದ ಜೊತೆಗೆ ದಿನವನ್ನೂ ಹಂಚಬೇಕಾಗುತ್ತದೆ ಎಂಬುದು ನನಗೆ ತಿಳಿದದ್ದು ಅಲ್ಲಿ.

ಆ ಹೊತ್ತಿಗೆ ಉಸ್ತಾದರ ಕಣ್ಣು ಮಂಜಾಗಿ ಅವರು ಮನೆ ಹಿಡಿದಿದ್ದರು. ನಾನೊಬ್ಬನೇ ತಿರುಗುತ್ತಿದ್ದೆ. ಯುದ್ಧದ ದಿನಗಳು. ಬರ್ಮಾದ ತೇಗ ಬರುವುದು ನಿಂತಿತ್ತು, ಕಬ್ಬಿಣದ ಮೊಳೆ ಬಂಗಾರವಾಗಿತ್ತು, ಬೆಲ್ಲ ಕೈಗೆ ಎಟುಕುತ್ತಿರಲಿಲ್ಲ. ಈರಪ್ಪಶೆಟ್ಟರು ಶೇಂಗಾ ವ್ಯಾಪಾರಸ್ಥರು. ಅಣ್ಣ ತಮ್ಮಂದಿರಿಂದ ಪಾಲಾಗಿ ಹೊರಬಿದ್ದು, ಬಾಡಿಗೆಯ ಇಕ್ಕಟ್ಟಿನಲ್ಲಿ ವರ್ಷಗಳನ್ನು ಕಳೆದು, ಕಡೆಗೆ ಸ್ವಂತ ಮನೆ ಎಬ್ಬಿಸಿದ್ದರು. ದೀಪಾವಳಿ ಮುಗಿದಿತ್ತು. ನಾನು ಹೋದಾಗ ಅವರು ನನ್ನನ್ನು ಪಡಸಾಲೆಯಲ್ಲೇ ನಿಲ್ಲಿಸಿಕೊಂಡರು.

"ಇಲ್ಲಿ ಕೆತ್ತನಿ ಕಂಬ, ಹನಮಪ್ಪ. ಕೆಳಗ ಶಹಾಬಾದ ಫರ್ಸಿ ಕಲ್ಲು. ನಮ್ಮ ಅಣ್ಣಾರು ಬಂದು ಇಲ್ಲಿ ಕುಂತ್ರ ಹೊಟ್ಟಿ ಉರೀಬೇಕು ನೋಡು" ಎಂದರು.

ನಾನು ಮೊರ ತರಿಸಿದೆ. ಶೆಟ್ಟರ ಹೆಂಡತಿ ನೀಲವ್ವ ಜೋಳ ತಂದಿಟ್ಟು ಬಾಗಿಲ ಮರೆಗೆ ಸರಿದರು. ಶೆಟ್ಟರು ಮುಕ್ಕಾಲು ಜೋಳವನ್ನು ಪಡಸಾಲೆಗೇ ಹಾಕಿ, ಅಡಿಗೆ ಮನೆಗೆ ಒಂದಿಷ್ಟು, ದೇವರ ಮನೆಗೆ ಒಂದಿಷ್ಟು ಹಾಕಿ, ಹಿಂದಿನ ಸಣ್ಣ ಕೋಣೆಗೆ ಚಿಟಿಕೆ ಉದುರಿಸಿದರು. "ಅದು ಸಾಮಾನಿನ ಖೋಲಿ. ಮಣ್ಣು ಸಾರಿಸಿದ್ರ ಸಾಕು" ಎಂದರು. ನಾವು ಹೊರಗೆ ಹೋಗಿ ಬೀಡಿ ಹಚ್ಚಿದೆವು.

ತಿರುಗಿ ಬಂದರೆ ಪಡಸಾಲೆ ಬಟಾಬಯಲು. ಒಂದು ಕಾಳೂ ಇಲ್ಲ. ಅಲ್ಲಿದ್ದದ್ದೆಲ್ಲ ಹಿಂದಿನ ಸಣ್ಣ ಕೋಣೆಯಲ್ಲಿ ಗುಡ್ಡೆಯಾಗಿ ಕೂತಿತ್ತು.

ಶೆಟ್ಟರ ಮುಖ ಕೆಂಪೇರಿತು. ಕಟ್ಟಳೆ ಮುರಿದು ಕೇಳಿಯೇಬಿಟ್ಟರು. "ಯಾರು ಮಾಡಿದ್ದಿದು?"

ಬಾಗಿಲ ಮರೆಯಿಂದ ಉತ್ತರ ಬಂತು. "ನಾನ."

ಪರಗಂಡಸಿನ ಮುಂದೆ ಆಕೆ ಮಾತಾಡಿದ್ದು ಅದೇ ಮೊದಲಿರಬೇಕು. 

"ಶಾಂತವ್ವನ್ನ ಗಜೇಂದ್ರಗಡಕ್ಕ ಕೊಟ್ಟು ಮೂರು ವರ್ಸ ಆತು. ಒಂದು ಹಬ್ಬಕ್ಕ ಕರದು ಮಲಗಸಾಕ ನಮಗ ಜಾಗಾ ಇದ್ದಿಲ್ಲ. ಈಗ ಬಸರಾಗ್ಯಾಳ. ಚೊಚ್ಚಲ ಹೆರಿಗಿ ತವರಾಗ ಆಗಬೇಕು. ಬೀಗ್ತಿ ಏನು ಹೇಳಿ ಕಳಿಸ್ಯಾರ ಅನ್ನೂದು ನಿಮಗ ಗೊತ್ತಿಲ್ಲೇನ್ರಿ?"

 ಆಕೆ ನನಗೆ ಕೇಳಲೆಂದೇ ಹೇಳಿದರು. "ಹಸಿ ಮನಿಗೆ ಸೊಸಿನ್ನ ಕಳಸೂದಿಲ್ಲ ಅಂದಾರ. ಸ್ವತಾ ಬಂದು ಖೋಲಿ ನೋಡ್ತಾರಂತ. ಒಣಗಿದ್ರ ಬಿಟ್ಟು ಹೋಗ್ತಾರಂತ, ಇಲ್ಲಂದ್ರ ಹೊಳ್ಳಿ ಕರಕೊಂಡು ಹೋಗ್ತಾರಂತ. ಕಂಬ ಆಮ್ಯಾಲ ನಿಂದ್ರಸ್ರಿ. ನನ್ನ ಮಗಳು ಒಮ್ಮೆ ಬರ್ಲಿ."

ಶೆಟ್ಟರು ಬಹಳ ಹೊತ್ತು ಆ ಬರಿದಾದ ನೆಲವನ್ನು ನೋಡಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಣ್ಣಂದಿರ ಕಣ್ಣೆದುರು ತಲೆ ಎತ್ತಿ ಕೂರಬೇಕೆಂದು ಅವರೂ ವರ್ಷಗಟ್ಟಲೆ ಹಂಬಲಿಸಿದ್ದರು. ಕೊನೆಗೆ ಅಡಿಗೆ ಮನೆಗೆ ಹೋಗಿ, ಅಲ್ಲಿಂದಲೂ ಒಂದು ಹಿಡಿ ತೆಗೆದು, ಆ ಸಣ್ಣ ಕೋಣೆಯ ರಾಶಿಗೆ ಹಾಕಿದರು. "ಕಮ್ಮಿ ಬೀಳಬಾರದು" ಎಂದಷ್ಟೇ ಹೇಳಿ ಹೊರಗೆ ನಡೆದರು.

ಜೋಳವೇನೋ ಬೇಕಾದಷ್ಟಾಯಿತು, ದಿನ ಮಾತ್ರ ಸಾಲುತ್ತಿರಲಿಲ್ಲ. ಹೋಳಿ ಹುಣ್ಣಿಮೆಗೆ ಶಾಂತವ್ವನಿಗೆ ಏಳು ತಿಂಗಳು ತುಂಬುತ್ತಿತ್ತು, ಆಗ ಅವಳು ತವರಿಗೆ ಬರಬೇಕು. ವಾಡಿಕೆಯಂತೆ ದಪ್ಪಗೆ ಗಚ್ಚು ಹಾಕಿದರೆ, ಬಿಸಿಲು ಕಾಣದ ಆ ಕೋಣೆ ಮುಂದಿನ ಮಳೆಗಾಲದವರೆಗೂ ಬೆವರುತ್ತಿತ್ತು. ಮೇಲೆ ಒಣಗಿದ ಹಾಗೆ ಕಂಡು ಒಳಗೆ ನೀರು ಹಿಡಿದಿಟ್ಟುಕೊಳ್ಳುವುದು ಸುಣ್ಣದ ಜಾತಿಗುಣ. ನಾನು ಗಂಗಾವತಿಗೆ ಹೋಗಿ ಉಸ್ತಾದರ ಮುಂದೆ ಕೂತೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿ ಹೇಳಿದರು.

"ಗಚ್ಚು ಅರ್ಧಾ ಹಾಕು, ಬಡತ ದುಪ್ಪಟ್ಟು ಮಾಡು. ನೀರು ಬಡದ ಹೊರಗ ಹಾಕಬೇಕು. ಒಣಗಸಾಕಂತ ಬೆಂಕಿ ಭಾಳ ಹಾಕಬ್ಯಾಡ, ಸೀಳತೈತಿ. ತೆಂಕಣ ಗ್ವಾಡಿ ಒಡದು ಬಿಸಲಾ ಒಳಗ ಬಿಡು."

ಕಿಟಕಿಯ ಮಾತೆತ್ತಿದಾಗ ಶೆಟ್ಟರು ಹೌಹಾರಿದರು. "ಬಾಣಂತಿ ಖೋಲಿಗೆ ಕಿಡಕಿ ಯಾರರೆ ಇಡತಾರೇನೊ? ಗಾಳಿ ತಾಗತೈತಿ."

"ಒಣಗೂ ಮಟ ತೆರದಿಡೂನ್ರಿ. ಶಾಂತವ್ವ ಬಂದ ಮ್ಯಾಲ ಹಲಿಗಿ ಹಾಕಿ ಮುಚ್ಚೂನು" ಎಂದೆ. ಕೆತ್ತನೆ ಕಂಬಕ್ಕೆಂದು ತೆಗೆದಿಟ್ಟಿದ್ದ ಕಟ್ಟಿಗೆಯೇ ಕಿಟಕಿಯ ಚೌಕಟ್ಟಾಯಿತು.

ಕನಕಗಿರಿಯ ಹೆಂಗಸರು ಬಂದರು. ಯಾರಿಗಾಗಿ ಈ ಕೋಣೆ ಎಂದು ಅವರಿಗೂ ತಿಳಿದಿತ್ತು. ತೊಟ್ಟಿಲ ಹಾಡುಗಳನ್ನೇ ಹಿಡಿದರು. ಎರಡನೆಯ ದಿನವೋ ಮೂರನೆಯ ದಿನವೋ, ನಾನು ಸುಣ್ಣ ನೋಡಿಕೊಂಡು ಒಳಗೆ ಬಂದರೆ ಸಾಲಿನ ಕೊನೆಯಲ್ಲಿ ನೀಲವ್ವ ಸೆರಗು ಸಿಕ್ಕಿಸಿ ಕೂತು ಹಲಗೆ ಹಿಡಿದಿದ್ದರು. ಶೆಟ್ಟರ ಮನೆಯಾಕೆ ಕೂಲಿಯವರ ಜೊತೆ ನೆಲ ಬಡಿಯುವುದನ್ನು ಊರು ನೋಡಿದರೆ ಏನಾದೀತು ಎಂದು ನನಗೇ ಅಳುಕಾಯಿತು. ಶೆಟ್ಟರೂ ನೋಡಿದರು. ಬೀದಿಬಾಗಿಲು ಮುಂದೆ ಮಾಡಿ, ತಾವೇ ಕಟ್ಟೆಯ ಮೇಲೆ ಕಾವಲು ಕೂತರು.

ನೆಲ ಮುಗಿದ ಮೇಲೆ ನಮಗೆ ಕಾಯುವುದೊಂದೇ ಕೆಲಸ. ನೀಲವ್ವ ಒಂದು ತಟ್ಟೆಯಲ್ಲಿ ಹರಳುಪ್ಪು ಹಾಕಿ ಕೋಣೆಯ ಮೂಲೆಯಲ್ಲಿ ಇಡುತ್ತಿದ್ದರು. ಹಸಿ ಇದ್ದರೆ ಉಪ್ಪು ಬೆವರುತ್ತದೆ. ದಿನಾ ಬೆಳಿಗ್ಗೆ ತಟ್ಟೆಯನ್ನು ಅಂಗಳದ ಬೆಳಕಿಗೆ ತಂದು ಬೆರಳಿಂದ ಮುಟ್ಟಿ ನೋಡುವರು. ಒದ್ದೆಯಾಗಿದ್ದರೆ ಉಪ್ಪು ಚೆಲ್ಲಿ ಹೊಸದು ಹಾಕುವರು. ಸಂಕ್ರಾಂತಿ ಕಳೆಯಿತು, ಶಿವರಾತ್ರಿ ಬಂತು, ಉಪ್ಪು ಬೆವರುತ್ತಲೇ ಇತ್ತು. ನಾನು ಬೇರೆ ಊರಿನ ಕೆಲಸದಲ್ಲಿದ್ದರೂ ಮನಸ್ಸು ಅಲ್ಲೇ ಇರುತ್ತಿತ್ತು. ವಾರಕ್ಕೊಮ್ಮೆ ಏನಾದರೂ ನೆಪ ಮಾಡಿ ಕುಷ್ಟಗಿಗೆ ಹೋಗುತ್ತಿದ್ದೆ. ಶಿವರಾತ್ರಿಯ ನಂತರ ಒಂದು ಬೆಳಿಗ್ಗೆ ಹೋದಾಗ ಶೆಟ್ಟರು ಅಂಗಳದಲ್ಲಿ ನಿಂತು ಉಪ್ಪಿನ ಹರಳುಗಳನ್ನು ಅಂಗೈಯಲ್ಲಿ ಆಡಿಸುತ್ತಿದ್ದರು. ಹರಳು ಗಲಗಲ ಅನ್ನುತ್ತಿತ್ತು. "ಕೇಳೊ ಹನಮಪ್ಪ" ಎಂದರು. ಆ ಮನುಷ್ಯ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಬೀಗ್ತಿ ಗುರುಬಸವ್ವನವರು ಬರುವ ದಿನ ನನ್ನನ್ನೂ ಕರೆಸಿದ್ದರು. ಕೋಣೆಯಲ್ಲಿ ಏನಾದರೂ ಊನ ತೆಗೆದರೆ ಉತ್ತರ ಹೇಳಲು ಒಬ್ಬ ಬೇಕಲ್ಲ. ಎತ್ತಿನ ಕೊಲ್ಲಾರಿ ಬಂಡಿ ಬಾಗಿಲಿಗೆ ಬಂದು ನಿಂತಿತು. ಮೊದಲು ಇಳಿದದ್ದು ಎತ್ತರದ, ಬತ್ತಿದ ಮುಖದ, ನೆಟ್ಟನೆ ನಿಲುವಿನ ಹೆಂಗಸು. ಶಾಂತವ್ವ ಬಂಡಿಯ ಅಂಚಿಗೆ ಸರಿದು ಕಾಲು ಇಳಿಬಿಟ್ಟಳು.

"ನೀ ಅಲ್ಲೇ ಕುಂದ್ರು" ಎಂದರು ಅತ್ತೆ. "ನಾ ನೋಡಿ ಬರೂ ಮಟ ಇಳೀಬ್ಯಾಡ."

ಮೂರು ವರ್ಷದ ಮೇಲೆ ಮಗಳು ಬಾಗಿಲಿಗೆ ಬಂದಿದ್ದಾಳೆ, ಇಳಿಯುವ ಹಾಗಿಲ್ಲ. ನೀಲವ್ವ ಹೋಗಿ ಬಂಡಿಯ ಗಾಲಿಯ ಹತ್ತಿರ ನಿಂತು ಆಕೆಯ ಕೈ ಹಿಡಿದುಕೊಂಡರು. 

ಗುರುಬಸವ್ವನವರು ಯಾರು ಕೊಟ್ಟ ನೀರನ್ನೂ ಮುಟ್ಟದೆ ನೇರ ಹಿಂದಿನ ಕೋಣೆಗೆ ನಡೆದರು. ಗೋಡೆಗೆ ಅಂಗೈ ಹಚ್ಚಿದರು. ಕೆನ್ನೆ ಹಚ್ಚಿದರು. ಬಾಗಿ ನೆಲದ ವಾಸನೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಾರೂ ಹೊರಗ ನಡೀರಿ. ಮನಿ ಮಂದಿ ನಿಂತ್ರ ಖೋಲಿ ಬೆಚ್ಚಗ ಅನಸತೈತಿ. ಮಲಗಿ ನೋಡಬೇಕು" ಎಂದು ಬಾಗಿಲು ಹಾಕಿಕೊಂಡರು.

ನಾವು ಕಾದೆವು. ಬಿಸಿಲು ಅಂಗಳ ದಾಟಿತು. ಶೆಟ್ಟರು ಗಿಲಾವು ಕಾಣದ ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗಿದರು. ಗಾಲಿಯ ಹತ್ತಿರ ನೀಲವ್ವ ಕಾಲು ಬದಲಿಸಿ ಬದಲಿಸಿ ನಿಂತಿದ್ದರು, ಮಗಳ ಕೈ ಬಿಟ್ಟಿರಲಿಲ್ಲ. ನಾನು ಯಾವ ಮೂಲೆಯಲ್ಲಾದರೂ ತೇವ ಉಳಿಯಿತೇ, ಹೊಸ್ತಿಲ ಹತ್ತಿರ ಬಡಿತ ಕಡಿಮೆಯಾಯಿತೇ ಎಂದು ಲೆಕ್ಕ ಹಾಕುತ್ತಿದ್ದೆ. ಕೊನೆಗೆ ಶೆಟ್ಟರು ತಾಳಲಾರದೆ, "ಒಂದು ಸಲ ಒದರಿ ನೋಡೊ" ಎಂದರು. ಕೂಗಿದೆ. ಉತ್ತರ ಬರಲಿಲ್ಲ. ಗಾಬರಿಯಾಗಿ ಬಾಗಿಲು ನೂಕಿದೆ.

ಬೀಗ್ತಿ ನಿದ್ದೆ ಹೋಗಿದ್ದರು. ಬರಿ ನೆಲದ ಮೇಲೆ, ಕೈಯನ್ನೇ ತಲೆದಿಂಬು ಮಾಡಿಕೊಂಡು, ಮೊಣಕಾಲು ಎದೆಗೆ ಮಡಚಿ, ಬಾಯಿ ಸ್ವಲ್ಪ ತೆರೆದು. ಕಿಟಕಿಯ ಬಿಸಿಲು ಬೆನ್ನ ಮೇಲೆ ಬಿದ್ದಿತ್ತು.

ಸದ್ದಿಗೆ ಎದ್ದು ಸೆರಗು ಸರಿಮಾಡಿಕೊಂಡರು. ಮುಖದಲ್ಲಿ ನಾಚಿಕೆ ಇತ್ತು. ನೀಲವ್ವ ಬಂದು ಬಾಗಿಲಲ್ಲಿ ನಿಂತಾಗ ಅವರನ್ನು ನೋಡದೆ ನೆಲ ಸವರುತ್ತ ಹೇಳಿದರು.

"ನಾ ಹುಟ್ಟಿದಾಗ ನಮ್ಮವ್ವ ಸತ್ಲು. ನನಗ ತವರ ಇದ್ದಿಲ್ಲವ್ವ. ಚೊಚ್ಚಲ ಹೆರಿಗಿ ಗಂಡನ ಮನ್ಯಾಗ, ಹೊಸದಾಗಿ ಕಟ್ಟಿದ ಹಸಿ ಖೋಲ್ಯಾಗ ಆತು. ಗ್ವಾಡಿಯಿಂದ ನೀರು ಹನೀತಿತ್ತು. ಆ ಕೂಸು ತಂಪ ಹಿಡದು ಹೋತು. ನನ್ನ ಮಾತು ಬಿರುಸ ಅಂತ ನಿಮಗ ಅನಿಸಿರಬೇಕು. ಆ ಗ್ವಾಡಿ ನನಗ ಇನ್ನೂ ಕಾಣತೈತಿ."

 ಗುರುಬಸವ್ವನವರು ಎದ್ದು ಹೊರಗೆ ಬಂದು, ತಾವೇ ಬಂಡಿಯ ಹತ್ತಿರ ಹೋಗಿ, ಸೊಸೆಯ ರಟ್ಟೆ ಹಿಡಿದು ಜೋಪಾನವಾಗಿ ಇಳಿಸಿದರು. "ಹೋಗು. ಖೋಲಿ ಛಲೋ ಐತಿ" ಎಂದರು.

ತಾಯಿ ಮಗಳು ಅತ್ತದ್ದು, ಶೆಟ್ಟರು ತಿರುಗಿ ನಿಂತು ರುಮಾಲಿನಿಂದ ಕಣ್ಣೊರೆಸಿಕೊಂಡದ್ದು ಎಲ್ಲ ಆಯಿತು. ಮಗಳಿಗೆ ತಲೆ ಎರೆಯಲೆಂದು ಬೆಳಗಿನಿಂದ ಹಂಡೆಯಲ್ಲಿ ನೀರು ಕಾದಿತ್ತು, ಬಟ್ಟಲಲ್ಲಿ ಎಣ್ಣೆ ಬಿಸಿಯಾಗಿತ್ತು. ನೀಲವ್ವ ಬಟ್ಟಲು ಹಿಡಿದು ಅಂಗಳಕ್ಕೆ ಬಂದರು. ಮಗಳು ಮಣೆಯ ಮೇಲೆ ಕೂರಲು ಹೋದಳು. ನೀಲವ್ವ ಆಕೆಯನ್ನು ತಡೆದು, ಒಂಟಿಯಾಗಿ ಕಟ್ಟೆಯ ಮೇಲೆ ಕೂತಿದ್ದ ಬೀಗ್ತಿಯ ಕಡೆ ತಿರುಗಿದರು.

"ನೀವು ಬರ್ರಿ. ಮೊದಲ ನಿಮ್ಮ ತಲಿಗೆ ಹಚ್ಚತೀನಿ."

"ನನಗ್ಯಾಕವ್ವ? ನಾ ಈಗ ಹೊಂಟೆ. ಹೊತ್ತು ಮುಳುಗೂದ್ರಾಗ ಊರು ಮುಟ್ಟಬೇಕು."

"ಬರ್ರಿ ಅಂದೆ."

ಗುರುಬಸವ್ವನವರು ಒಂದು ಕ್ಷಣ ಎಲ್ಲರ ಮುಖ ನೋಡಿ, ಬಂದು ಮಣೆಯ ಮೇಲೆ ಕೂತು, ನರೆತ ತುರುಬು ಬಿಚ್ಚಿದರು. ನೀಲವ್ವ ನೆತ್ತಿಗೆ ಎಣ್ಣೆ ಹಾಕಿ ತಿಕ್ಕತೊಡಗಿದರು. ನಾನು ಅಲ್ಲಿ ನಿಲ್ಲಬಾರದೆಂದು ಸಲಕರಣೆಯ ಚೀಲ ಎತ್ತಿಕೊಂಡೆ.

ಬಾಗಿಲು ದಾಟುವಾಗ ಬೀಗ್ತಿ ಮೆಲ್ಲಗೆ ಕೇಳುವುದು ಕಿವಿಗೆ ಬಿತ್ತು. "ನಾಳಿ ಹೋದ್ರ ನಿಮಗೇನು ತ್ರಾಸ ಇಲ್ಲಲ್ಲ?"

"ತವರಿಗೆ ಬಂದಾಕಿ ಯಾರರೆ ಒಂದ ದಿನಕ್ಕ ಹೋಗತಾಳೇನ್ರಿ?" ಎಂದರು ನೀಲವ್ವ.

ತಿರುಗಿ ನೋಡಿದೆ. ಗುರುಬಸವ್ವನವರು ಕಣ್ಣು ಮುಚ್ಚಿಕೊಂಡು, ತಮಗಿಂತ ಕಿರಿಯಳಾದ ಆಕೆಯ ಕೈಗೆ ತಲೆಯನ್ನು ಇನ್ನಷ್ಟು ಒರಗಿಸಿ ಕೊಟ್ಟರು.